ಹೋದವರು, ಬಂದವರು

ಗಂಗೊಳ್ಳಿ
ಸೋಣೆ ತಿಂಗಳು

ಪ್ರೀತಿಯ ತಮ್ಮಾ,

ಹೋದ ಭಾನುವಾರ ನೀನು ಫೋನು ಮಾಡಿದಾಗ ಅಬ್ಬಿ ಜಗಲಿಯಲ್ಲಿ ಕೂತು ಪತ್ರೊಡೆಗೆ ಕೆಸುವಿನ ಎಲೆ ಒರೆಸುತ್ತಿದ್ದಳು. ಸ್ಪೀಕರ್ ಹಾಕಿ ಫೋನನ್ನು ಅವಳ ಪಕ್ಕದಲ್ಲಿ ಇಟ್ಟೆ. "ಬೋಸನ್ ಆದೆ" ಎಂದು ನೀನು ಹೇಳಿದ್ದು ಅವಳಿಗೆ ಕೇಳಿತು, ತಿಳಿಯಲಿಲ್ಲ. "ಹಾಂಗಂದ್ರೆ ಎಂತ?" ಎಂದು ಕೇಳಿದಳು. ಅದಕ್ಕೆ ನೀನು ಕೊಟ್ಟ ಉತ್ತರ ಈ ನಾಲ್ಕು ದಿನವೂ ನನ್ನ ತಲೆಯಿಂದ ಇಳಿದಿಲ್ಲ. "ಎಂತ ಇಲ್ಲ ಅಬ್ಬಿ, ಆಫೀಸರ್ ಏನೂ ಅಲ್ಲ. ಬರೀ ಬೋಸನ್."

ಆ "ಬರೀ" ನನಗೆ ಚುಚ್ಚಿತು. ಹದಿಮೂರು ವರ್ಷ ಉಪ್ಪುನೀರಿನಲ್ಲಿ ಕಳೆದವನು ನೀನು. ನಾವಿಕರ ಸಿಡಿಸಿ ಪುಸ್ತಕ ಮಾಡಿಸಲು ಎಷ್ಟು ಸಲ ಮುಂಬೈಗೆ ಅಲೆದೆ ಎಂಬುದು ನನಗೆ ಗೊತ್ತು. ಓ.ಎಸ್. ಎಂಬ ಹೊಸ ನಾವಿಕನಾಗಿ ಸೇರಿ, ಎ.ಬಿ. ಎಂಬ ಪಳಗಿದ ನಾವಿಕನಾಗಿ, ಈಗ ಡೆಕ್ಕಿನ ಜನಕ್ಕೆಲ್ಲ ಹಿರಿಯನಾಗಿದ್ದೀಯ. ಆ ಸುದ್ದಿ ಹೇಳುವಾಗ ನಿನ್ನ ದನಿ ಯಾಕೆ ತಗ್ಗಬೇಕು? ಹಡಗಿನಲ್ಲಿ ಊಟದ ಮನೆ ಎರಡು, ಆಫೀಸರುಗಳದ್ದು ಬೇರೆ, ನಿಮ್ಮದು ಬೇರೆ ಎಂದು ನೀನು ಹಿಂದೊಮ್ಮೆ ಹೇಳಿದ್ದೆ. ನಡುವಿನ ಆ ಗೋಡೆ ನಿನ್ನ ಮನಸ್ಸಿನೊಳಗೂ ಎದ್ದಿದೆಯೇನೋ ಅನ್ನಿಸಿತು. ಅದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಿದರೆ ನೀನು "ಹೂಂ ಅಕ್ಕಾ, ಹೂಂ ಅಕ್ಕಾ" ಅಂದು ಮುಗಿಸುತ್ತೀಯ. ಕೈಯಲ್ಲಿ ಕಾಗದವಿದ್ದರೆ ಎರಡು ಸಲವಾದರೂ ಓದುತ್ತೀಯ. ಇದನ್ನು ತರುವ ಹುಡುಗನ ವಿಷಯ ಕೊನೆಯಲ್ಲಿ ಹೇಳುತ್ತೇನೆ.

ಅದೇ ಫೋನಿನಲ್ಲಿ ನೀನು ಇನ್ನೊಂದು ಮಾತು ಹೇಳಿದೆ: "ಹಳೇ ಜನ ನನ್ನನ್ನ ಸಾರಂಗ್ ಅಂತಲೂ ಕರೀತಾರೆ." ಅಬ್ಬಿ ಎಲೆ ಕೆಳಗಿಟ್ಟು "ಸಾರಂಗವಾ? ಜಿಂಕೆಯಾ?" ಅಂದಳು. ಮೂವರೂ ನಕ್ಕೆವು. ಫೋನು ಇಟ್ಟ ಮೇಲೆ ಅವಳು ಕೇಳಿದ್ದು ಮಾತ್ರ ಒಂದೇ ಪ್ರಶ್ನೆ, "ಅವನ ಕೈಕೆಳಗೆ ಎಷ್ಟ್ ಜನ ಇದ್ರಂತೆ?" ಏಳು ಜನ ಎಂದೆ. ಅವಳು ಮತ್ತೆ ಎಲೆ ಕೈಗೆತ್ತಿಕೊಂಡಳು. ಅಪ್ಪಯ್ಯನ ಹೆಂಡತಿಯಲ್ಲವೇ, ಯಾವುದನ್ನು ಕೇಳಬೇಕೋ ಅದನ್ನೇ ಕೇಳಿದಳು.

ನಾನು ಕನ್ನಡ ಟೀಚರ್. ಒಂದು ಪದ ಗಂಟಲಲ್ಲಿ ಸಿಕ್ಕಿಕೊಂಡರೆ ಅದರ ಬೇರು ನೋಡದೆ ನನಗೆ ನಿದ್ದೆ ಇಲ್ಲ. ಶಾಲೆಯಿಂದ ಬರುತ್ತಾ ಗ್ರಂಥಾಲಯಕ್ಕೆ ಹೋದೆ, ರಾತ್ರಿ ಕೂತು ಓದಿದೆ. ನಿನ್ನ ಕೆಲಸದ ಹೆಸರುಗಳ ಹಿಂದೆ ಇಷ್ಟು ದೊಡ್ಡ ಸಂಸಾರ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಮೊದಲು ಬೋಸನ್. ಇಂಗ್ಲಿಷಿನಲ್ಲಿ ಅದನ್ನು ಬರೆಯುವುದು "ಬೋಟ್‌ಸ್ವೇನ್" ಎಂದು. ನಾವಿಕರ ಬಾಯಲ್ಲಿ ಉಜ್ಜಿ ಉಜ್ಜಿ, ಹಳೆಯ ಹಗ್ಗದ ಎಳೆ ಸವೆದ ಹಾಗೆ ನಡುವಿನ ಅಕ್ಷರಗಳು ಸವೆದು ಬೋಸನ್ ಆಯಿತು. "ಬೋಟ್" ನಮಗೆ ಗೊತ್ತಿರುವ ಬೋಟೇ. "ಸ್ವೇನ್" ಎಂಬುದು ಹಳೆಯ ನಾರ್ಸ್ ಭಾಷೆಯ ಮಾತು. ಉತ್ತರದ ಚಳಿಸಮುದ್ರದಿಂದ ಉದ್ದ ದೋಣಿಗಳಲ್ಲಿ ಇಂಗ್ಲೆಂಡಿಗೆ ಬಂದಿಳಿದ ವೈಕಿಂಗರ ಮಾತು. ಅದರ ಅರ್ಥ ಹುಡುಗ, ಆಳು, ಸೇವೆಗೆ ನಿಂತವನು. ಹತ್ತಿರ ಹತ್ತಿರ ಸಾವಿರ ವರ್ಷ ಹಳೆಯ ಈ ಪದವನ್ನು ಬಿಡಿಸಿದರೆ ನೀನು "ದೋಣಿಯ ಆಳು". ಆಳು ಎಂದೊಡನೆ ಮುಖ ಸಣ್ಣ ಮಾಡಬೇಡ. ಯಾರ ಆಳು ಎಂದು ನೋಡು. ಒಡೆಯನ ಆಳು ಎಂದು ಆ ಪದ ಹೇಳುವುದಿಲ್ಲ, ಕಪ್ತಾನನ ಆಳು ಎಂದೂ ಹೇಳುವುದಿಲ್ಲ. ದೋಣಿಗೇ ಆಳು. ಹಗ್ಗ, ಲಂಗರು, ಬಣ್ಣ, ತುಕ್ಕು, ವಿಂಚಿನ ಗ್ರೀಸು, ಇವೆಲ್ಲ ನಿನ್ನ ಕೈಯಲ್ಲಿರುವುದು ಅದಕ್ಕೇ.

ಇನ್ನು ಸಾರಂಗ್. ಅಬ್ಬಿಯ ಜಿಂಕೆಗೂ ಇದಕ್ಕೂ ನಂಟಿಲ್ಲ. ಇದು ಪಾರಸಿಯ "ಸರ್‌ಹಂಗ್". "ಸರ್" ಅಂದರೆ ತಲೆ. ಸರದಾರ, ಸರಪಂಚ ಎಂದು ನಾವು ದಿನವೂ ಆಡುವ ಮಾತುಗಳಲ್ಲಿ ಇರುವುದೂ ಅದೇ ತಲೆ. ಸರ್‌ಹಂಗ್ ಅಂದರೆ ದಂಡನ್ನು ನಡೆಸುವವನು. ಇಂದಿಗೂ ಇರಾನಿನ ಸೇನೆಯಲ್ಲಿ ಕರ್ನಲ್ ಹುದ್ದೆಗೆ ಇದೇ ಹೆಸರು. ಬ್ರಿಟಿಷರ ಹಡಗುಗಳಲ್ಲಿ ನಮ್ಮವರನ್ನೆಲ್ಲ ಒಟ್ಟಾಗಿ "ಲಸ್ಕರ್" ಎಂದು ಕರೆಯುತ್ತಿದ್ದರಲ್ಲ, ಅದೂ ಸೈನ್ಯದಿಂದಲೇ ಬಂದದ್ದು. "ಲಷ್ಕರ್" ಅಂದರೆ ದಂಡು. ಪೋರ್ಚುಗೀಸರ ಕಾಲದಲ್ಲಿ ಅದು ಸಿಪಾಯಿಗೂ ನಾವಿಕನಿಗೂ ಸಲ್ಲುತ್ತಾ ಬಂದು ಕೊನೆಗೆ ನಾವಿಕನಲ್ಲೇ ನಿಂತಿತು. ನೆಲದ ಮೇಲೆ ಹುಟ್ಟಿದ ಎರಡು ಪದಗಳು ಹೀಗೆ ನೀರಿಗಿಳಿದವು.

ಈಗ ನೋಡು ತಮಾಷೆ. ಇಂಗ್ಲಿಷಿನಲ್ಲಿ ನೀನು ದೋಣಿಯ ಆಳು, ಪಾರಸಿಯಲ್ಲಿ ದಂಡಿನ ತಲೆ. ಎರಡೂ ಹೆಸರು ಒಬ್ಬನೇ ಮನುಷ್ಯನಿಗೆ. ಯಾವುದು ಸರಿ ಎಂದು ನಾನು ಎರಡು ದಿನ ಯೋಚಿಸಿದೆ. ಉತ್ತರ ಸಿಕ್ಕಿದ್ದು ಮೂರನೆಯ ಪದದಲ್ಲಿ. ಅದನ್ನು ಹುಡುಕಲು ಗ್ರಂಥಾಲಯಕ್ಕೆ ಹೋಗಬೇಕಾಗಿರಲಿಲ್ಲ. ಅದು ನಮ್ಮ ಮನೆಯ ಹೊಸಿಲಲ್ಲೇ ಇತ್ತು.

ತಾಂಡೇಲ.

ಅಪ್ಪಯ್ಯನನ್ನು ಊರಿನಲ್ಲಿ ಯಾರೂ ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ. ಧಕ್ಕೆಯಲ್ಲಿ ಅವರು "ತಾಂಡೇಲರು", ನಾವು "ತಾಂಡೇಲರ ಮಕ್ಕಳು". ಬೋಟಿನ ಉಳಿದವರೆಲ್ಲ "ಕಲಾಸಿ"ಗಳು. ಇವು ನಮ್ಮ ಊರಿನ ಮಾತು, ಹೆಚ್ಚೆಂದರೆ ಮಲ್ಪೆಗೂ ಕಾರವಾರಕ್ಕೂ ನಡುವೆ ಓಡಾಡುವ ಮಾತು ಎಂದು ನಾನು ತಿಳಿದಿದ್ದೆ. ಹಾಗಲ್ಲ. ಅಕ್ಬರನ ಆಸ್ಥಾನದಲ್ಲಿದ್ದ ಅಬುಲ್ ಫಜಲ್ 16ನೆಯ ಶತಮಾನದ ಕೊನೆಯಲ್ಲಿ "ಐನ್-ಇ-ಅಕ್ಬರಿ" ಬರೆದನಲ್ಲ, ಅದರಲ್ಲಿ ಸಮುದ್ರದ ಹಡಗಿನಲ್ಲಿ ಇರಬೇಕಾದ 12 ಬಗೆಯ ಜನರ ಪಟ್ಟಿ ಇದೆ. ಮೊದಲನೆಯವನು ನಾಖುದಾ, ಹಡಗಿನ ಒಡೆಯ. ಎರಡನೆಯವನು ಮುಅಲ್ಲಿಮ್, ನೀರಿನ ಆಳ ಬಲ್ಲವನು, ನಕ್ಷತ್ರ ನೋಡಿ ದಾರಿ ಹೇಳುವವನು. ಮೂರನೆಯವನು ತಾಂಡೇಲ, ಕಲಾಸಿಗಳ ಮುಖ್ಯಸ್ಥ! ಓದುತ್ತಿದ್ದಂತೆ ಮೈ ಜುಂ ಅಂದಿತು. ನಾನೂರು ವರ್ಷಗಳ ಹಿಂದೆ ಅಕ್ಬರನ ಆಸ್ಥಾನದಲ್ಲಿ ಕೂತು ಒಬ್ಬ ಬರೆದ ತಾಂಡೇಲ-ಕಲಾಸಿ ಜೋಡಿ, ಇವತ್ತು ಬೆಳಿಗ್ಗೆ ನಾನು ಬಂಗುಡೆ ತರಲು ಹೋದಾಗ ನಮ್ಮ ಧಕ್ಕೆಯಲ್ಲಿ ಐಸಿನ ಪೆಟ್ಟಿಗೆ ಇಳಿಸುತ್ತಾ ನಿಂತಿತ್ತು.

ಆ ಪಟ್ಟಿಯಲ್ಲಿ ಇನ್ನೂ ಯಾರ್‍ಯಾರು ಇದ್ದಾರೆ ಕೇಳು. ಸಾಮಾನಿನ ಕೋಣೆ ನೋಡಿಕೊಳ್ಳುವ ಭಂಡಾರಿ. ನಿಮ್ಮ ಹಳೆಯ ಹಡಗುಗಳಲ್ಲಿ ಅಡುಗೆಯವನಿಗೆ ಸಲ್ಲುತ್ತಿದ್ದ ಹೆಸರು ಇದೇ. ಲೆಕ್ಕ ಬರೆಯುವ ಗುಮಾಸ್ತ. ಕೂವೆಮರದ ತುದಿಯಲ್ಲಿ ಕೂತು ನೆಲ ಕಂಡಿತು, ಹಡಗು ಕಂಡಿತು, ಗಾಳಿ ಬಂತು ಎಂದು ಕೂಗುವವನು. ಸೋರಿ ಬಂದ ನೀರನ್ನು ಮೊಗೆದು ಹೊರಗೆ ಚೆಲ್ಲುವವನು. ಚುಕ್ಕಾಣಿ ಹಿಡಿಯುವ ಸುಕ್ಕಾನ್‌ಗೀರ್. ಅರಬ್ಬಿಯಲ್ಲಿ "ಸುಕ್ಕಾನ್" ಅಂದರೆ ಹಡಗಿನ ಹಿಂದಿನ ತಿರುಗುಹಲಗೆ. ನಮ್ಮ "ಚುಕ್ಕಾಣಿ" ಅಲ್ಲಿಂದಲೇ ಬಂದದ್ದು. ಚುನಾವಣೆ ಮುಗಿದೊಡನೆ "ಅಧಿಕಾರದ ಚುಕ್ಕಾಣಿ" ಎಂದು ಪೇಪರಿನಲ್ಲಿ ಬರೆಯುತ್ತಾರಲ್ಲ, ಘಟ್ಟದ ಮೇಲಿನ, ಸಮುದ್ರವನ್ನೇ ನೋಡದ ಊರಿನ ಜನರೂ ಅದನ್ನು ಓದುತ್ತಾರಲ್ಲ, ಅವರೆಲ್ಲರ ಬಾಯಲ್ಲೂ ಒಬ್ಬ ಅರಬ್ ನಾವಿಕನ ಮಾತು ಕೂತಿದೆ.

ನಾಖುದಾ ಎಂಬುದರಲ್ಲಿ ಇರುವುದು ಪಾರಸಿಯ "ನಾವ್", ನಮ್ಮ ನಾವೆ, ನೌಕೆಗಳ ದಾಯಾದಿ. 12ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿಯ ಕಾಗದಗಳು ಕೈರೋದ ಹಳೆಯ ಪ್ರಾರ್ಥನಾಮಂದಿರದಲ್ಲಿ ಸಿಕ್ಕಿದವಲ್ಲ, ಆ ಕಾಲದ ವ್ಯಾಪಾರಿಗಳ ಪತ್ರಗಳಲ್ಲೂ ನಾಖುದಾ ಎಂಬ ಮಾತು ಬರುತ್ತದೆ. ಮುಅಲ್ಲಿಮ್ ಎಂದರೆ ಏನು ಗೊತ್ತೇ? ಅರಬ್ಬಿಯಲ್ಲಿ ಅದು "ಕಲಿಸುವವನು", ಅಂದರೆ ಮೇಷ್ಟ್ರು! ಬ್ರಿಟಿಷರ ಹಡಗುಗಳಲ್ಲಿ ನಮ್ಮವರು ಮೇಟ್ ದರ್ಜೆಯ ಆಫೀಸರುಗಳನ್ನು "ಮಾಲುಮ್ ಸಾಬ್" ಎಂದು ಕರೆಯುತ್ತಿದ್ದದ್ದು ಇದೇ ಪದದಿಂದ. ದಿನಾ ಬೆಳಿಗ್ಗೆ ನಿನಗೆ ಕೆಲಸ ಹೇಳುವ ನಿಮ್ಮ ಚೀಫ್ ಆಫೀಸರ್ ನನ್ನ ಕೆಲಸದವರೇ ಆದರು. ಅವರ ಎದುರು ನಿಲ್ಲುವಾಗ ಅಕ್ಕನ ಎದುರು ನಿಂತಷ್ಟೇ ಧೈರ್ಯವಾಗಿ ನಿಲ್ಲು.

ಸರ್‌ಹಂಗ್ ಎಲ್ಲಿದ್ದಾನೆ ಎಂದು ನೀನು ಕೇಳಬೇಕು. ಆ ಪಟ್ಟಿಯಲ್ಲಿ ಅವನು ಐದನೆಯವನು, ತಾಂಡೇಲನಿಗಿಂತ ಕೆಳಗೆ. ಹಡಗನ್ನು ದಡಕ್ಕೆ ತಾಗಿಸುವುದು, ದಡದಿಂದ ಬಿಡಿಸುವುದು ಅವನ ಕೆಲಸ. ಹಡಗು ಬಂದರಿಗೆ ತಾಗುವಾಗ ಮುಂತುದಿಯ ಫೋಕ್ಸಲಿನಲ್ಲಿ ನಿಂತು ನೀನು ಮಾಡುವುದೂ ಅದನ್ನೇ ಅಲ್ಲವೇ? ಮುಂದೆ ಬ್ರಿಟಿಷರ ಆವಿಹಡಗುಗಳು ಬಂದಾಗ ಈ ಇಬ್ಬರ ಜಾಗ ಅದಲುಬದಲಾಯಿತು. ಅಲ್ಲಿ ಡೆಕ್ಕಿಗೊಬ್ಬ ಸಾರಂಗ್, ಇಂಜಿನ್ ಕೋಣೆಗೊಬ್ಬ ಸಾರಂಗ್. ಅವರ ಕೈಕೆಳಗೆ ತಾಂಡೇಲರು, ಅವರ ಕೆಳಗೆ ಕಲಾಸಿಗಳು. ನಮ್ಮದೇ ಹಾಯಿಹಡಗುಗಳಾದ ಪತ್ತೆಮಾರಿ, ಮಚವೆಗಳಲ್ಲಿ ಮಾತ್ರ ತಾಂಡೇಲನೇ ಸರ್ವಸ್ವ. ಸ್ವತಂತ್ರ ಭಾರತದ 1958ರ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆಯಲ್ಲಿ "ಟಿಂಡಲ್" ಎಂಬ ಪದಕ್ಕೆ ಅರ್ಥ ಕೊಟ್ಟಿದ್ದಾರೆ: ಹಾಯಿಹಡಗಿನ ಆಡಳಿತ ಯಾರ ಕೈಯಲ್ಲಿದೆಯೋ ಅವನು. ಅಂದರೆ ಕಪ್ತಾನ.

ತಾಂಡೇಲ ಒಂದು ಹಡಗಿನಲ್ಲಿ ಮೂರನೆಯವನು, ಇನ್ನೊಂದರಲ್ಲಿ ಸಾರಂಗನಿಗೆ ಎರಡನೆಯವನು, ಮತ್ತೊಂದರಲ್ಲಿ ಅವನೇ ಕಪ್ತಾನ. ಮೇಲೆ ಕೆಳಗೆ ಎಂಬ ಲೆಕ್ಕ ಹಡಗು ಬದಲಾದ ಹಾಗೆ ಬದಲಾಗಿದೆ ತಮ್ಮಾ. ಕೆಲಸ ಬದಲಾಗಿಲ್ಲ. ಜನರನ್ನು ಕೂಡಿಸಿಕೊಂಡು, ಅವರ ಕೈಯಲ್ಲಿ ಹಡಗಿನ ಕೆಲಸ ಮಾಡಿಸಿ, ಅವರನ್ನು ಮತ್ತೆ ದಡಕ್ಕೆ ತರುವುದು.

ತಾಂಡೇಲ ಎಂಬ ಪದದ ಬೇರು ಎಲ್ಲಿ ಎಂಬುದರಲ್ಲಿ ನಿಘಂಟುಕಾರರು ಎರಡು ಪಕ್ಷ. ಹೆನ್ರಿ ಯೂಲ್ ಮತ್ತು ಬರ್ನೆಲ್ ಇಬ್ಬರೂ ಸೇರಿ ಮಾಡಿದ "ಹಾಬ್ಸನ್-ಜಾಬ್ಸನ್" ಎಂಬ ದೊಡ್ಡ ಕೋಶ 1886ರಲ್ಲಿ ಬಂತು. ಆ ಬರ್ನೆಲ್ ನಮ್ಮ ಮಂಗಳೂರಿನಲ್ಲೂ ನ್ಯಾಯಾಧೀಶರಾಗಿದ್ದವರು. ಅದರ ಮುಂದಿನ ಮುದ್ರಣದಲ್ಲಿ ಎರಡೂ ಪಕ್ಷವನ್ನು ಕೊಟ್ಟಿದ್ದಾರೆ. ಜನರ ಸಾಲು ಎಂಬ ಅರ್ಥದ "ತಾಂಡಾ"ದಿಂದ ಬಂತು ಎಂಬುದು ಒಂದು. ಮಲಯಾಳದ "ತಂಡು", ಅಂದರೆ ದೋಣಿಯ ಹುಟ್ಟು, ಅದರಿಂದ ಬಂತು ಎಂಬುದು ಇನ್ನೊಂದು. ಪಂಡಿತರು ಚರ್ಚೆ ಮಾಡಲಿ. ನನಗಂತೂ ಎರಡೂ ಬೇಕು. ಜನರ ಸಾಲಿಗೆ ತಲೆಯಾಗಿ ನಿಂತವನು ಹುಟ್ಟಿಗೂ ಕೈಹಾಕಬೇಕು. ದಂಡಿನ ತಲೆ ಎಂಬ ಸರ್‌ಹಂಗ್, ದೋಣಿಯ ಆಳು ಎಂಬ ಬೋಸನ್, ಎರಡೂ ಅಪ್ಪಯ್ಯನ ಒಂದು ಹೆಸರಿನೊಳಗೆ ಹೊಂದಿಕೊಂಡು ಕೂತಿದ್ದವು. ನಮಗೆ ಕಂಡಿರಲಿಲ್ಲ ಅಷ್ಟೇ.

ಈ ಹೆಸರುಗಳ ಕಥೆಯೆಲ್ಲ ಬೆಳಕಿನದ್ದೇ ಎಂದು ನಿನಗೆ ಹೇಳಿದರೆ ಅದು ಸುಳ್ಳಾಗುತ್ತದೆ. 1914ರ ಹೊತ್ತಿಗೆ ಬ್ರಿಟಿಷ್ ಹಡಗುಗಳಲ್ಲಿ ಸುಮಾರು 50,000 ಲಸ್ಕರರು ದುಡಿಯುತ್ತಿದ್ದರು. ಸಿಲ್ಹೆಟ್, ಚಿತ್ತಗಾಂಗ್, ರತ್ನಾಗಿರಿ, ಗೋವಾ, ಗುಜರಾತಿನ ಜನ. ಬಿಳಿಯ ನಾವಿಕನಿಗೆ ಕೊಡುವ ಸಂಬಳದ ಮೂರರಲ್ಲೊಂದು ಪಾಲು ಸಿಕ್ಕರೆ ಹೆಚ್ಚು. ಮಲಗುವ ಜಾಗವೂ ಕಡಿಮೆ. ಲಂಡನ್ನಿನಲ್ಲಿ ಹಡಗು ಬಿಟ್ಟುಹೋಗಿ ಬೀದಿಪಾಲಾದವರು ಎಷ್ಟೋ. ಚಳಿಗೆ, ಹಸಿವಿಗೆ ಸತ್ತವರು ಎಷ್ಟೋ. ಅಂಥವರಿಗಾಗಿ 1857ರಲ್ಲೇ ಲಂಡನ್ನಿನ ಲೈಮ್‌ಹೌಸ್‌ನಲ್ಲಿ ಒಂದು ಆಶ್ರಯಮನೆ ತೆರೆಯಬೇಕಾಯಿತು. ಎರಡನೆಯ ಮಹಾಯುದ್ಧದಲ್ಲಿ 6,000ಕ್ಕೂ ಹೆಚ್ಚು ಭಾರತೀಯ ನಾವಿಕರು ಸತ್ತರು. ಬಂದೂಕು ಹಿಡಿದವರಲ್ಲ ಅವರು. ಕಲ್ಲಿದ್ದಲು ತುಂಬಿದವರು, ಹಗ್ಗ ಎಳೆದವರು, ಅನ್ನ ಬೇಯಿಸಿದವರು.

ಕೋಲ್ಕತ್ತದ ಹೂಗ್ಲಿ ದಂಡೆಯಲ್ಲಿ ಲಸ್ಕರರ ಸ್ಮಾರಕ ಇದೆ. ಮೊದಲ ಯುದ್ಧದಲ್ಲಿ ತೀರಿಕೊಂಡ ಬಂಗಾಳ, ಅಸ್ಸಾಮಿನ 896 ನಾವಿಕರ ನೆನಪಿಗೆ 1924ರಲ್ಲಿ ಅದನ್ನು ತೆರೆದರು. ನಿನ್ನ ಹಡಗು ಎಂದಾದರೂ ಆ ಕಡೆ ಹೋದರೆ ನೋಡಿ ಬಾ.

ಈ ಜನರೆಲ್ಲರಿಗೂ ಕಂಪನಿಗೂ ನಡುವೆ ನಿಂತವನು ಸಾರಂಗ್. ಊರಿನಿಂದ ಹುಡುಗರನ್ನು ಕರೆತರುವವನು ಅವನು, ಕೆಲಸ ಸಿಗುವ ತನಕ ಸಾಲ ಕೊಡುವವನು ಅವನು, ಸಾಹೇಬನ ಮಾತನ್ನು ತಿಳಿಯುವಂತೆ ಹೇಳುವವನೂ ಅವನೇ. ಅನೇಕರಿಗೆ ಅವನು ತಂದೆಯಂತಿದ್ದ. ಅನೇಕ ಕಡೆ ಅವನೇ ಲಂಚ ತಿಂದ, ಬಡ್ಡಿ ಕಿತ್ತ. ಕೆಲಸ ಕೊಡಿಸಿದ್ದಕ್ಕೆ ಬಡಹುಡುಗನ ಮೊದಲ ತಿಂಗಳುಗಳ ಸಂಬಳಕ್ಕೆ ಕೈ ಹಾಕಿದ. 1931ರಲ್ಲಿ ವರದಿ ಕೊಟ್ಟ ಕಾರ್ಮಿಕರ ರಾಯಲ್ ಆಯೋಗ ನಾವಿಕರನ್ನು ಸೇರಿಸಿಕೊಳ್ಳುವಾಗ ನಡೆಯುವ ಈ ಲಂಚದ ವಿಷಯವನ್ನೂ ಎತ್ತಬೇಕಾಯಿತು. ನಿನ್ನ ಹೆಸರಿನ ಮೇಲೆ ಈ ಕಲೆಯೂ ಇದೆ. ನೀನು ಕೆಲಸಕ್ಕಾಗಿ ಅಲೆಯುತ್ತಿದ್ದಾಗ ಒಬ್ಬ ದಲ್ಲಾಳಿ ನಮ್ಮಿಂದ ಹಣ ತೆಗೆದುಕೊಂಡು ಮಾಯವಾಗಿದ್ದನಲ್ಲ, ಅಬ್ಬಿಯ ಬಳೆ ಹೋಯಿತಲ್ಲ, ಅದು ನಿನಗೆ ಮರೆತಿರಲಾರದು. ನಿನ್ನ ಕೈಕೆಳಗಿನ ಯಾವ ಹುಡುಗನ ತಾಯಿಯ ಬಳೆಯೂ ನಿನ್ನಿಂದಾಗಿ ಹೋಗದಿರಲಿ.

ಈಗ ನಿನಗೆ ಇದುವರೆಗೆ ಹೇಳದ ಒಂದು ವಿಷಯ ಹೇಳುತ್ತೇನೆ.

ಮೊನ್ನೆ ರಾತ್ರಿ ಅಪ್ಪಯ್ಯನ ತಗಡಿನ ಪೆಟ್ಟಿಗೆ ತೆಗೆದೆ. ಕೆಳಗೆ, ಅವರ ಹಳೆಯ ರೇನ್‌ಕೋಟಿನ ಅಡಿಯಲ್ಲಿ, ಉದ್ದನೆಯ ಲೆಕ್ಕದ ಪುಸ್ತಕ ಇತ್ತು. ಡೀಸೆಲಿನ ವಾಸನೆ ಇನ್ನೂ ಹೋಗಿಲ್ಲ. ಹಿಂದಿನ ಅರ್ಧದಲ್ಲಿ ಮುಂಗಡದ ಲೆಕ್ಕ. ಯಾರಿಗೆ ಎಷ್ಟು, ಯಾತಕ್ಕೆ. "ಮದ್ದಿಗೆ 300", "ತಂಗಿ ಮದುವೆ 2,000", "ಮನೆ ಹೆಂಚಿಗೆ". ಬೋಟಿನ ಯಜಮಾನರಿಂದ ತಂದ ಹಣ ಒಂದು ಕಡೆ, ಕಲಾಸಿಗಳಿಗೆ ಕೊಟ್ಟದ್ದು ಇನ್ನೊಂದು ಕಡೆ. ಎಲ್ಲಾ ಪುಟ ಕೂಡಿಸಿ ನೋಡಿದೆ. ಎರಡೂ ಕಡೆ ಒಂದೇ ಮೊತ್ತ. ನಡುವೆ ಅವರ ಕೈಗೆ ಒಂದು ರೂಪಾಯಿ ಅಂಟಿಲ್ಲ.

ಮುಂದಿನ ಅರ್ಧದಲ್ಲಿ ಬೇರೆಯೇ ಲೆಕ್ಕ. ಪ್ರತಿ ಪುಟಕ್ಕೂ ನಡುವೆ ಒಂದು ಗೆರೆ. ಎಡಗಡೆ ಮೇಲೆ "ಹೋದವರು", ಬಲಗಡೆ ಮೇಲೆ "ಬಂದವರು". ಕೆಳಗೆ ಹೆಸರುಗಳು. ಬೋಟು ಬಿಡುವಾಗ ಎಡಗಡೆ ಬರೆದದ್ದು, ಧಕ್ಕೆಗೆ ಬಂದಾಗ ಅವೇ ಹೆಸರುಗಳನ್ನು ಬಲಗಡೆ ಮತ್ತೆ ಬರೆದದ್ದು. ಸರಿ ಗುರುತು ಹಾಕಿದರೆ ಸಾಕಿತ್ತು. ಇಲ್ಲ, ಪ್ರತಿ ಸಲ ಪ್ರತಿ ಹೆಸರನ್ನು ಪೂರ್ತಿ ಬರೆದಿದ್ದಾರೆ. ನಾಲ್ಕನೆಯ ಕ್ಲಾಸು ಓದಿದ ಮನುಷ್ಯ. ಮೀನೆಷ್ಟು, ರೇಟೆಷ್ಟು ಎಂಬುದು ಆ ಪುಟಗಳಲ್ಲಿ ಎಲ್ಲೂ ಇಲ್ಲ.

ನಿನಗೆ ನೆನಪಿದೆಯಾ? ಬೋಟು ಬಂದೊಡನೆ ಧಕ್ಕೆಯಲ್ಲಿ ಎಲ್ಲರೂ "ಎಷ್ಟ್ ಮೀನ್ ಆಯ್ತ್?" ಎಂದು ಕೂಗುವವರು. ಅಪ್ಪಯ್ಯ ಉತ್ತರ ಕೊಡುತ್ತಿರಲಿಲ್ಲ. ಬೋಟಿನ ಅಂಚಿನಲ್ಲಿ ನಿಂತು ಒಬ್ಬೊಬ್ಬರನ್ನೂ ಇಳಿಸಿ, ಕೊನೆಗೆ ತಾವು ಇಳಿದು, "ತಲಿ ಲೆಕ್ಕ ಆಯ್ತ್" ಅನ್ನುತ್ತಿದ್ದರು. ಆಮೇಲೆ ಮೀನಿನ ಮಾತು.

ಒಂದು ಪುಟದಲ್ಲಿ ಎಡಗಡೆ ಒಂಬತ್ತು ಹೆಸರು, ಬಲಗಡೆ ಎಂಟು. ನೀನಾಗ ತೊಟ್ಟಿಲಲ್ಲಿದ್ದೆ. ಅಳಿವೆ ಬಾಗಿಲಲ್ಲಿ ತೆರೆ ಎತ್ತಿ ಹಾಕಿದ ದಿನ ಅದು. ಐದು ನದಿಗಳ ನೀರು ಹೊತ್ತು ಬರುವ ನಮ್ಮ ಪಂಚಗಂಗಾವಳಿಯ ಅಳಿವೆ ಹೇಗಿರುತ್ತದೆ ಎಂದು ನಿನಗೆ ಹೇಳಬೇಕಾಗಿಲ್ಲ. ಒಂಬತ್ತನೆಯ ಸಾಲಿನ ಎದುರು ಅಪ್ಪಯ್ಯ ಗೀಟು ಹಾಕಿಲ್ಲ, ತೀರಿಕೊಂಡ ಎಂದು ಬರೆದಿಲ್ಲ. ಜಾಗ ಹಾಗೇ ಖಾಲಿ ಬಿಟ್ಟಿದ್ದಾರೆ. ಪ್ರತಿ ವರ್ಷ ಮಳೆಗಾಲಕ್ಕೆ ಬೋಟು ಕಟ್ಟಿ, ಮತ್ತೆ ಕಡಲಿಗೆ ಇಳಿಸುವ ದಿನ, ಅಪ್ಪಯ್ಯ ನಸುಕಿನಲ್ಲಿ ಎಲ್ಲಿಗೋ ಹೋಗಿ ಬರುತ್ತಿದ್ದರಲ್ಲ, ದೇವಸ್ಥಾನಕ್ಕೆ ಎಂದು ನಾವು ತಿಳಿದಿದ್ದೆವಲ್ಲ. ಅಬ್ಬಿ ಮೊನ್ನೆ ಹೇಳಿದಳು. ಅವರು ಹೋಗುತ್ತಿದ್ದದ್ದು ಆ ಒಂಬತ್ತನೆಯ ಹುಡುಗನ ಮನೆಗೆ. ಅವನ ಅಬ್ಬಿಯ ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತು, ನೀರು ಕುಡಿದು, "ಹೋಯ್ ಬತ್ತೆ" ಎಂದು ಹೇಳಿ ಬರುತ್ತಿದ್ದರಂತೆ. ಇಪ್ಪತ್ತೆರಡು ವರ್ಷ.

ತಾಂಡೇಲ ಎಂಬ ಪದದ ಅರ್ಥ ಯಾವ ಕೋಶಕ್ಕಿಂತಲೂ ಚೆನ್ನಾಗಿ ಆ ಪುಸ್ತಕದಲ್ಲಿದೆ. ಪುಟದ ಬಲಗಡೆಯನ್ನು ತುಂಬಿಸುವ ಹೊಣೆ ಯಾರದ್ದೋ ಅವನು ತಾಂಡೇಲ.

ನಿನ್ನ ಹಡಗಿನಲ್ಲೂ ಇದು ನಡೆದಿದೆ. ಮೊದಲ ವರ್ಷ ರಜೆಗೆ ಬಂದಾಗ ನೀನೇ ಹೇಳಿದ್ದೆ. ಬಂದರಿನಲ್ಲಿ ಹಗ್ಗ ಬಿಗಿಯುವಾಗ ನೀನು ಎಲ್ಲಿ ನಿಲ್ಲಬಾರದೋ ಅಲ್ಲೇ, ಹಗ್ಗದ ಬಳೆಯೊಳಗೆ, ನಿಂತಿದ್ದೆ. ರತ್ನಾಗಿರಿಯ ಕಡೆಯ ಆ ಮುದಿ ಸಾರಂಗ್ ಏನೂ ಹೇಳದೆ ನಿನ್ನ ಕಾಲರು ಹಿಡಿದು ಹಿಂದಕ್ಕೆ ಎಳೆದು ಬೀಳಿಸಿದರು. ನಿನಗೆ ಸಿಟ್ಟು ಬಂತು. ಮರುಗಳಿಗೆಯಲ್ಲಿ ಹಗ್ಗ ತುಂಡಾಗಿ, ನೀನು ನಿಂತಿದ್ದ ಜಾಗದ ಮೇಲೆ ಚಾಟಿಯಂತೆ ಬೀಸಿ ಹೋಗಿ, ಕಬ್ಬಿಣದ ಮೇಲೆ ಬಣ್ಣ ಎದ್ದು ಗೆರೆ ಮೂಡಿತು. ಆ ಸಂಜೆ ಅವರು ನಿನಗೆ ತಮ್ಮ ಪಾಲಿನ ಚಹಾ ಕೊಟ್ಟು "ಹಗ್ಗ ಮಾತಾಡ್ತದೆ ಬೇಟಾ, ಕಿವಿ ಕೊಡು" ಎಂದರಂತೆ. ಅವರ ಲೆಕ್ಕದಲ್ಲಿ ನೀನು ಬಲಗಡೆಯ ಒಂದು ಹೆಸರು. ಅವರು ಆಫೀಸರ್ ಆಗಿರಲಿಲ್ಲ ತಮ್ಮಾ. ಬರೀ ಸಾರಂಗ್.

ನಿಮ್ಮ ಜನ ಒಬ್ಬರನ್ನೊಬ್ಬರು ಅರ್ಥಮಾಡಿಕೊಂಡ ಬಗೆ ನೆನೆದರೆ ನನಗೆ ಬೆರಗು. ಹತ್ತು ಊರು, ಹತ್ತು ಮಾತು. ರಾತ್ರಿ, ಗಾಳಿ, ಮಳೆ. ಅಂಥಲ್ಲಿ ಪ್ರತಿ ಕೂಗೂ ಒಂದೇ ಸಲಕ್ಕೆ ತಿಳಿಯಬೇಕು. ಅದಕ್ಕಾಗಿ ಹಿಂದೂಸ್ತಾನಿ, ಪೋರ್ಚುಗೀಸ್, ಅರಬ್ಬಿ, ಪಾರಸಿ ಎಲ್ಲ ಕಲಸಿದ ಒಂದು ಕಡಲಭಾಷೆಯೇ ಹುಟ್ಟಿತು. ಅದನ್ನು ಕಲಿಯದೆ ಸಾಹೇಬರಿಗೂ ಹಡಗು ನಡೆಸಲು ಆಗುತ್ತಿರಲಿಲ್ಲ. 1811ರಲ್ಲಿ ಕಲ್ಕತ್ತೆಯಲ್ಲಿ ಥಾಮಸ್ ರೋಬಕ್ ಎಂಬಾತ ಅದಕ್ಕೆಂದೇ ಒಂದು ನಿಘಂಟು ಅಚ್ಚು ಮಾಡಿಸಿದ. ನೀನು ಚಿಕ್ಕವನಿದ್ದಾಗ ಬಾವಿಯ ಕೊಡಪಾನ ಎತ್ತುವಾಗ "ಹಬೇಸ್, ಹಬೇಸ್", ಇಳಿಸುವಾಗ "ಆರಿಯಾ" ಎಂದು ಕೂಗುತ್ತಿದ್ದೆಯಲ್ಲ, ಬಂದರಿನ ಕ್ರೇನಿನವರಿಂದ ಕಲಿತು? ಆ "ಆರಿಯಾ" ಪೋರ್ಚುಗೀಸ್ ನಾವಿಕರು ಹಾಯಿ ಇಳಿಸುವಾಗ ಕೂಗುತ್ತಿದ್ದ ಮಾತು. ಬಿಟ್ಟು ಹೋದವರ ಮಾತನ್ನೂ ಕಡಲಿನವರು ಎಸೆಯಲಿಲ್ಲ. ಇನ್ನೊಬ್ಬನ ಕೈ ನಜ್ಜಾಗದೆ ಉಳಿಯಲು ಬೇಕಾದ ಮಾತು ಯಾರದ್ದಾದರೇನು?

ನಿನ್ನ ಏಳು ಜನರಲ್ಲಿ ಇಬ್ಬರು ಫಿಲಿಪ್ಪೀನ್ಸಿನವರು, ಒಬ್ಬ ಒಡಿಶಾದವನು ಎಂದೆ. ಅವರ ಭಾಷೆಯಲ್ಲಿ "ಜಾಗ್ರತೆ", "ಹಿಂದೆ ಸರಿ", "ಉಂಡೆಯಾ" ಎಂಬ ಮೂರು ಮಾತಾದರೂ ಕಲಿತುಕೋ. ಸಾರಂಗನಿಗೆ ಅಷ್ಟು ಮಾತು ಬೇಕೇ ಬೇಕು.

ಈ ಕಾಗದ ತಂದ ಹುಡುಗ ಈಗ ನಿನ್ನ ಎದುರಿಗೇ ನಿಂತಿರುತ್ತಾನೆ. ತ್ರಾಸಿಯ ಹುಡುಗ. ಸಿಂಗಪುರದಲ್ಲಿ ನಿಮ್ಮ ಹಡಗು ಹತ್ತಲು ಅವನಿಗೆ ಆರ್ಡರ್ ಬಂದಿದೆ ಎಂದು ಅವನ ಅಬ್ಬಿ ನಿನ್ನೆ ಮಳೆಯಲ್ಲೇ ನಮ್ಮನೆಗೆ ಬಂದಿದ್ದರು. ಓ.ಎಸ್. ಆಗಿ ಮೊದಲ ಹಡಗು, ವಿಮಾನ ಹತ್ತುವುದೂ ಮೊದಲ ಸಲ. ಆ ಹೆಂಗಸು ಹೆಚ್ಚು ಮಾತಾಡಲಿಲ್ಲ. ಜಗಲಿಯ ಕಂಬ ಹಿಡಿದು ನಿಂತು, "ನಿಮ್ಮ ಮಗ ಅಲ್ಲಿ ಎಂತ ಆಗಿದ್ದಾರೆ?" ಎಂದು ಅಬ್ಬಿಯನ್ನು ಕೇಳಿದರು.

ಅಬ್ಬಿ ನನ್ನ ಮುಖ ನೋಡಲಿಲ್ಲ, ಬೋಸನ್ ಎನ್ನಲಿಲ್ಲ, ಸಾರಂಗ್ ಎನ್ನಲಿಲ್ಲ. "ತಾಂಡೇಲ ಆಗಿದ್ದಾನೆ" ಎಂದಳು.

ಆ ತಾಯಿ ಕಂಬ ಬಿಟ್ಟು ಕೆಳಗೆ ಕೂತರು. ಕೊಟ್ಟ ಚಹಾ ಕುಡಿದರು.

ಹುಡುಗನ ಚೀಲದಲ್ಲಿ ನಿನಗೆ ಒಂದು ಬಾಟಲಿ ಮಿಡಿ ಉಪ್ಪಿನಕಾಯಿ, ಒಣಸಿಗಡಿ ಚಟ್ನಿಪುಡಿ ಇದೆ. ಜೊತೆಗೆ ಒಂದು ಉದ್ದನೆಯ ಲೆಕ್ಕದ ಪುಸ್ತಕವನ್ನೂ ಇಟ್ಟಿದ್ದೇನೆ. ಅಪ್ಪಯ್ಯನದ್ದಲ್ಲ, ಅದು ಇಲ್ಲೇ ಇರಲಿ. ಹೊಸದು, ಕುಂದಾಪುರದಲ್ಲಿ ಕೊಂಡದ್ದು. ಮೊದಲ ಪುಟದ ನಡುವೆ ಗೆರೆ ಎಳೆದದ್ದು ಅಬ್ಬಿ. ಕೈ ನಡುಗಿ ಸ್ವಲ್ಪ ಸೊಟ್ಟ ಆಗಿದೆ.

ಈಗ ಕಾಗದ ಮಡಿಚಿಡು. ಹುಡುಗ ಉಂಡನೋ ಇಲ್ಲವೋ ಕೇಳು. ಆಮೇಲೆ ಎಡಗಡೆ ಅವನ ಹೆಸರು ಬರೆ.

ನಿನ್ನ ಅಕ್ಕ